ಕಪ್ಪಲಜ್ಜನ ಪದಕ

ನಮ್ಮ ಅಜ್ಜನ ತಮ್ಮನನ್ನು ಮನೆಮಂದಿಯೆಲ್ಲ ಕಪ್ಪಲಜ್ಜ ಎನ್ನುತ್ತಿದ್ದರು. ತುಳುವಿನಲ್ಲಿ ಕಪ್ಪಲ್ ಎಂದರೆ ಹಡಗು. ಪುತ್ತೂರು, ಸುಳ್ಯ, ಕಡಬದ ಅಡಕೆ ತೋಟಗಳ ನಡುವೆ ಹುಟ್ಟಿದವರಿಗೆ ಕಡಲೆಂದರೆ ಮಂಗಳೂರಿಗೆ ಹೋದಾಗ ಒಮ್ಮೆ ಕಣ್ಣು ಹಾಯಿಸಿ ಬರುವ ಸಂಗತಿ. ಅಂಥಲ್ಲಿಂದ ಮನೆಬಿಟ್ಟು ಬೊಂಬಾಯಿಗೆ ಓಡಿದ ಹುಡುಗನೊಬ್ಬ ಎರಡನೇ ಮಹಾಯುದ್ಧದ ಕಾಲಕ್ಕೆ ‘ಮರೀನ್‌ನಲ್ಲಿದ್ದ’ ಎಂಬುದಷ್ಟೇ ನಮ್ಮ ಪಾಲಿಗೆ ಬಂದ ಚರಿತ್ರೆ. ಜೊತೆಗೆ ಒಂದು ಪದಕ.

ಪದಕದ ಒಂದು ಬದಿಯಲ್ಲಿ ಆರನೇ ಜಾರ್ಜ್ ದೊರೆಯ ತಲೆ. ಇನ್ನೊಂದು ಬದಿಯಲ್ಲಿ ಎರಡು ತಲೆಯ ಡ್ರ್ಯಾಗನ್ನನ್ನು ಮೆಟ್ಟಿ ನಿಂತ ಸಿಂಹ, 1939, 1945 ಎಂಬ ಅಂಕಿಗಳು. ನಮ್ಮ ಅಜ್ಜಿಯ ಕಣ್ಣಿಗೆ ಅದು ಡ್ರ್ಯಾಗನ್ ಅಲ್ಲ, ಹಾವು. ಕಷ್ಟ ಬಂದಾಗ ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿಕೊಳ್ಳುವ, ತೋಟದ ಮೂಲೆಯ ನಾಗಬನದಲ್ಲಿ ತನು ಎರೆಯುವ ಮನೆಯಲ್ಲಿ ನಾಗನನ್ನು ತುಳಿದ ಮೃಗವನ್ನು ಇಟ್ಟುಕೊಳ್ಳುವುದುಂಟೇ? ಪದಕ ಅಟ್ಟ ಸೇರಿತು. ತಗಡಿನ ಪೆಟ್ಟಿಗೆಯಲ್ಲಿ, ಹಳೇ ಪಹಣಿ ಕಾಗದಗಳ ಅಡಿಯಲ್ಲಿ, ಅದು ಶೌರ್ಯ ಪದಕವಾಗಿಯೇ ಉಳಿದಿತ್ತು. ನೆಂಟರೆದುರು ನಾವೆಲ್ಲ ಹಾಗೆಯೇ ಹೇಳಿಕೊಂಡು ಬಂದಿದ್ದೆವು.

ವಿಚಾರಿಸಿದ ಮೇಲೆ ತಿಳಿದದ್ದು ಬೇರೆ. ಅದು ವಾರ್ ಮೆಡಲ್. ಯುದ್ಧದ ಅವಧಿಯಲ್ಲಿ 28 ದಿನ ಪೂರ್ಣಾವಧಿ ಸೇವೆ ಸಲ್ಲಿಸಿದ ಯಾರಿಗೂ ಸಿಗುವಂಥದ್ದು. ಸರಕಿನ ಹಡಗಿನವರಾದರೆ ಕಡಲಿನ ಮೇಲೆ 28 ದಿನ. ನನಗೆ ಮುಖಕ್ಕೆ ಹೊಡೆದಂತಾಯಿತು. ಯಾಕೆ ಹಾಗಾಗಬೇಕಿತ್ತು ಎಂದು ಯೋಚಿಸಲು ಶುರುಮಾಡಿದ್ದು ಆಮೇಲೆ.

‘ಮರೀನ್’ ಎಂಬ ಮಾತೇ ನೆಟ್ಟಗಿಲ್ಲ. ರಾಯಲ್ ಇಂಡಿಯನ್ ಮರೀನ್ ಎಂಬ ಪಡೆ 1934ರಲ್ಲೇ ರಾಯಲ್ ಇಂಡಿಯನ್ ನೇವಿಯಾಗಿತ್ತು. ಹಳಬರ ಬಾಯಲ್ಲಿ ಹಳೇ ಹೆಸರು ಉಳಿದಿರಬಹುದು. ಅಥವಾ ಅಜ್ಜ ಇದ್ದದ್ದು ಮರ್ಚೆಂಟ್ ಮರೀನ್‌ನಲ್ಲಿ, ಸರಕು ಸಾಗಿಸುತ್ತ. ಊರಿನ ಹೆಸರಿನಿಂದ ಹುಡುಕೋಣವೆಂದರೆ ಆಗ ಸುಳ್ಯ, ಕಡಬ ಪ್ರತ್ಯೇಕ ತಾಲೂಕುಗಳೇ ಅಲ್ಲ. ಜಿಲ್ಲೆ ಸೌತ್ ಕೆನರಾ, ಪ್ರಾಂತ ಮದ್ರಾಸು. ವ್ಯಕ್ತಿಯ ಹೆಸರಿನಿಂದ ಹುಡುಕೋಣವೆಂದರೆ ಮನೆಯಲ್ಲಿ ಕರೆದದ್ದು ಒಂದು, ಜಾತಕದಲ್ಲಿದ್ದದ್ದು ಇನ್ನೊಂದು, ಮನೆಬಿಟ್ಟು ಓಡಿದ ಹುಡುಗ ಅಲ್ಲಿ ಬರೆಸಿದ್ದು ಯಾವುದೋ. ನಾವಿಕರ ದಾಖಲೆ ನೋಡಿಕೊಳ್ಳುವ ಬ್ಯೂರೋ ಆಫ್ ಸೇಲರ್ಸ್ ಇರುವುದು ಮುಂಬಯಿಯ ಮಾನಖುರ್ದಿನಲ್ಲಿ. ಆದರೆ ಸೇವಾ ಸಂಖ್ಯೆಯೇ ಗೊತ್ತಿಲ್ಲದೆ ಏನೆಂದು ಬರೆಯುವುದು? ತಮಾಷೆಯೆಂದರೆ, ಅಜ್ಜ ಯುದ್ಧದಲ್ಲೇ ಸತ್ತಿದ್ದರೆ ಹುಡುಕಾಟ ಸುಲಭವಿತ್ತು. ಆ ಯುದ್ಧದಲ್ಲಿ ಕಡಲುಪಾಲಾಗಿ ಗೋರಿಯೂ ಇಲ್ಲದ 6,000ಕ್ಕೂ ಹೆಚ್ಚು ಭಾರತೀಯ ನಾವಿಕರ ಹೆಸರನ್ನು ಬರೆದ ಪುಸ್ತಕ ಮುಂಬಯಿಯಲ್ಲೊಂದು, ಅದರದೇ ಪ್ರತಿ ಚಿತ್ತಗಾಂಗ್‌ನಲ್ಲೊಂದು ಇದೆ. ಬದುಕಿ ಬಂದು ಅಡಕೆ ಸುಲಿಯುತ್ತ ಕೂತವರಿಗೆ ಅಂಥ ಪುಸ್ತಕವಿಲ್ಲ.

ಹೀಗಾಗಿ ಖಾಲಿ ಬಿಟ್ಟ ಜಾಗವನ್ನು ನಾನೇ ತುಂಬತೊಡಗಿದೆ. 1942ರ ನವೆಂಬರ್ 11ರಂದು ‘ಬೆಂಗಾಲ್’ ಎಂಬ ಪುಟ್ಟ ಭಾರತೀಯ ಹಡಗು ಹಿಂದೂ ಮಹಾಸಾಗರದಲ್ಲಿ ತನಗಿಂತ ಎಷ್ಟೋ ದೊಡ್ಡ ಎರಡು ಜಪಾನಿ ಹಡಗುಗಳಿಗೆ ಎದುರು ನಿಂತಿತು, ಅವುಗಳಲ್ಲೊಂದು ಮುಳುಗಿತು. ಓದಿದ ದಿನವೇ ಕಪ್ಪಲಜ್ಜನನ್ನು ಅದಕ್ಕೆ ಹತ್ತಿಸಿಬಿಟ್ಟೆ. ಕೆಲವು ದಿನ ಕಳೆದ ಮೇಲೆ ಅದೂ ಸಾಲದಾಯಿತು. ಎಷ್ಟೆಂದರೂ ಬ್ರಿಟಿಷರ ಚಾಕರಿ ತಾನೆ? ಇದೇ ಸುಳ್ಯದ ಮಣ್ಣಿನ ರೈತರು 1837ರಲ್ಲಿ ಮಂಗಳೂರಿಗೆ ದಂಡು ಕಟ್ಟಿ ಹೋಗಿ ಕಂಪನಿಯ ಬಾವುಟ ಇಳಿಸಿದ್ದರು. ಆ ಬಾವುಟಗುಡ್ಡೆಯಲ್ಲಿ ಈಗ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇದೆ, 2022ರಲ್ಲಿ ನಿಲ್ಲಿಸಿದ್ದು. ನೂರು ವರ್ಷದ ಆಚೆ ಅದೇ ಸೀಮೆಯ ಹುಡುಗ ಬ್ರಿಟಿಷರದೇ ಬಾವುಟಕ್ಕೆ ಸಲಾಮು ಹೊಡೆದ ಎಂದು ಯಾರಿಗೆ ಹೇಳಲಿ? ಆಗ ಸಿಕ್ಕಿತು 1946ರ ನಾವಿಕರ ಬಂಡಾಯ. ಫೆಬ್ರವರಿ 18ರಂದು ಮುಂಬಯಿಯ ‘ತಲ್ವಾರ್’ ನೆಲೆಯಲ್ಲಿ ಹೊಲಸು ಊಟ, ಅಧಿಕಾರಿಯ ಬೈಗುಳಗಳ ವಿರುದ್ಧ ಎದ್ದ ಮುಷ್ಕರ ಬಂದರಿನಿಂದ ಬಂದರಿಗೆ ಹಬ್ಬಿತು. ಸರ್ದಾರ್ ಪಟೇಲರ ಮಾತಿಗೆ ಕಟ್ಟುಬಿದ್ದು ನಾವಿಕರು ಶರಣಾದರು. ನೂರಾರು ಜನ ಕೆಲಸ ಕಳೆದುಕೊಂಡರು. ಸ್ವತಂತ್ರ ಭಾರತದ ನೌಕಾಪಡೆಯೂ ಅವರನ್ನು ಮತ್ತೆ ಕರೆಯಲಿಲ್ಲ. ಅಜ್ಜ ಮನೆಗೆ ಮರಳಿದ್ದೂ ಹೆಚ್ಚುಕಡಿಮೆ ಆ ಹೊತ್ತಿಗೇ! ನನಗೆ ಬೇಕಾದ ಅಜ್ಜ ತಯಾರಾದ: ಯುದ್ಧವನ್ನೂ ಮಾಡಿದವ, ಬ್ರಿಟಿಷರ ವಿರುದ್ಧವೂ ಎದ್ದವ.

ಇಷ್ಟರಲ್ಲಿ ನಿಜವಾದ ಅಜ್ಜ ಎಲ್ಲೋ ಕಳೆದುಹೋಗಿದ್ದರು. ಹೊಟ್ಟೆಪಾಡಿಗೋ, ಅಪ್ಪನ ಬೆತ್ತಕ್ಕೆ ಹೆದರಿಯೋ ಹೋಗಿ, ಹೇಳಿದ ಕೆಲಸ ಮಾಡಿ, 28 ದಿನದ ಪದಕ ಹಿಡಿದು ಮರಳಿ, ಆ ಬಗ್ಗೆ ತುಟಿ ಬಿಚ್ಚದೆ ಬಾಳಿದ ಮನುಷ್ಯ. ಅವರು ಸುಳ್ಳು ಹೇಳಿರಲಿಲ್ಲ. ಅವರ ಮೌನದ ಮೇಲೆ ಸುಳ್ಳು ಬರೆದವರು ನಾವು, ಅದೂ ಪ್ರೀತಿಯಿಂದ. ಹಾಗೆ ಬರೆಯುವಾಗ, ಬರೀ ಅಡುಗೆ ಮಾಡಿ ಬಡಿಸಿದವನಾಗಿದ್ದರೆ ಈ ಅಜ್ಜ ನಮಗೆ ಬೇಡ ಎಂದೂ ಹೇಳಿದಂತಾಯಿತಲ್ಲ!

ಕೊನೆಗೆ ಊರಿಗೆ ಹೋಗಿ, ತೊಂಬತ್ತರ ಹತ್ತಿರವಿರುವ ಅತ್ತೆಯ ಹತ್ತಿರ ಕೇಳಿದೆ. ಯುದ್ಧ, ಹಡಗು, ಮುಷ್ಕರ ಯಾವುದೂ ಅವರಿಗೆ ಗೊತ್ತಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ನೀರಿನ ಸುದ್ದಿ ತೆಗೆದರು. ಆಟಿ ತಿಂಗಳು, ಹೊರಗೆ ಹುಯ್ಯುವ ಮಳೆ, ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು. ಆದರೂ ಅಜ್ಜನ ಸ್ನಾನ ಎರಡೇ ಚೆಂಬು. ಮಕ್ಕಳು ನೀರು ಚೆಲ್ಲಿದರೆ ಬೈಯುತ್ತಿರಲಿಲ್ಲವಂತೆ, ಚೆಲ್ಲಿದ ಕಡೆಯೇ ನೋಡುತ್ತ ನಿಲ್ಲುತ್ತಿದ್ದರಂತೆ.

“ಅವರು ಬಚ್ಚಲಿಗೆ ಹೋದರೆ ನೀರಿನ ಶಬ್ದವೇ ಕೇಳುತ್ತಿರಲಿಲ್ಲ ಮಾರಾಯ,” ಎಂದರು ಅತ್ತೆ.