ತಿಳಿಸುವವರ ಹೊಣೆ

ಓದಲು ಬಾರದ ರೋಗಿಯ ಕೈಗೆ ಅಚ್ಚಿನ ಸೂಚನಾಪತ್ರವನ್ನಿತ್ತು, ಎಲ್ಲವೂ ಇದರಲ್ಲಿದೆ ಎಂದು ಕಳುಹಿಸಿದರೆ ವೈದ್ಯನ ಕರ್ತವ್ಯ ಮುಗಿಯಿತೇ? ಔಷಧಸೇವನೆಯಲ್ಲಿ ತಪ್ಪಾದರೆ ದೋಷ ಯಾರದು? ರೋಗಿಯ ನಿರಕ್ಷರತೆಯದೆಂದು ಹೇಳುವುದು ಸುಲಭ. ನಾವು ಅದನ್ನು ಒಪ್ಪಲಾರೆವು.

ಬಾಂಗ್ಲಾದೇಶದಲ್ಲಿ ನಡೆದುದನ್ನು ವಾಚಕರು ಗಮನಿಸಬೇಕು. ಅತಿಸಾರದಿಂದ ಮೈಯ ನೀರು ಬತ್ತಿ ಮಕ್ಕಳು ಸಾಯುತ್ತಿದ್ದ ಆ ನಾಡಿನಲ್ಲಿ, ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು 1980ರಿಂದ 1990ರವರೆಗೆ 1.2 ಕೋಟಿಗೂ ಹೆಚ್ಚು ಮನೆಗಳಿಗೆ ಹೋದರು. ತಾಯಂದಿರಲ್ಲಿ ಬಹುಮಂದಿಗೆ ಅಕ್ಷರ ಬಾರದು. ಆದುದರಿಂದ ಅವರ ಕೈಯನ್ನೇ ಅಳತೆಯಾಗಿಸಿದರು: ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಎಂದೇ ತಾಯಿ ಕಾರ್ಯಕರ್ತೆಯ ಎದುರಿನಲ್ಲಿ ತಾನೇ ಕಲಸಿ ತೋರಿಸಬೇಕಿತ್ತು.

ಇದಕ್ಕಿಂತ ವಿಚಾರಾರ್ಹವಾದುದು ಮತ್ತೊಂದಿದೆ. ಕೆಲವು ವಾರಗಳ ತರುವಾಯ ಬೇರೊಬ್ಬರು ಬಂದು ಆ ತಾಯಿಯನ್ನು ಪ್ರಶ್ನಿಸುತ್ತಿದ್ದರು. ಆಕೆ ಎಷ್ಟನ್ನು ನೆನಪಿಟ್ಟಿರುವಳೋ ಅದಕ್ಕೆ ತಕ್ಕಂತೆ ಕಾರ್ಯಕರ್ತೆಗೆ ವೇತನ. ಮರೆತವಳು ತಾಯಿ, ನಷ್ಟ ಕಲಿಸಿದವಳಿಗೆ! ಬಡ ಹೆಣ್ಣುಮಗಳ ಸಂಬಳವನ್ನು ಹೀಗೆ ಪಣಕ್ಕೊಡ್ಡಿದುದು ನಮಗೂ ಪೂರ್ಣ ಸಮ್ಮತವಲ್ಲ. ಆದರೆ ತಪ್ಪನ್ನು ಅವರು ಹುಡುಕಿದ ದಿಕ್ಕು ಸರಿಯಾದುದು. ಕೇಳುವವರ ಮಂದಬುದ್ಧಿಯ ಮಾತು ಅಲ್ಲಿ ಏಳಲೇ ಇಲ್ಲ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಬೆಳೆದು ಇಂದು ವೈದ್ಯರಾಗಿಯೋ ಔಷಧದಂಗಡಿ ಇಟ್ಟುಕೊಂಡೋ ಇರುವ ಶಿಷ್ಯರಿಗೆ ಒಂದು ಸೂಚನೆ. ರೋಗಿಯನ್ನು “ತಿಳಿಯಿತೇ?” ಎಂದು ಕೇಳಬೇಡಿರಿ, ತಿಳಿಯದವನೂ ಸಂಕೋಚದಿಂದ ತಲೆಯಾಡಿಸುವನು. “ಮನೆಗೆ ಹೋಗಿ ಇದನ್ನು ಹೇಗೆ ತೆಗೆದುಕೊಳ್ಳುವಿರಿ, ಹೇಳಿ” ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಹೊರಗೆ ಸಾಲು ಉದ್ದವಿದ್ದರೂ ಸರಿಯೇ.