ಮರಳಿ ಬರುವಿರಾ ಎಂಬ ಪ್ರಶ್ನೆಗೆ ಉತ್ತರ

ಮಗನನ್ನೋ ಮಗಳನ್ನೋ ಉನ್ನತ ವ್ಯಾಸಂಗಕ್ಕಾಗಿ ಹೊರದೇಶಕ್ಕೆ ಕಳುಹಿಸುವ ಸಿದ್ಧತೆ ಇಂದು ನಮ್ಮ ಅನೇಕ ಮನೆಗಳಲ್ಲಿ ನಡೆಯುತ್ತಿದೆ. ವಿಶ್ವವಿದ್ಯಾನಿಲಯದ ಪ್ರವೇಶಪತ್ರ ಕೈಸೇರಿದೊಡನೆ ಅರ್ಧ ದಾರಿ ಕ್ರಮಿಸಿದೆವೆಂದು ನಾವು ಸಮಾಧಾನಪಡುತ್ತೇವೆ. ಅದರ ಬೆನ್ನಿಗೇ ಇನ್ನೊಂದು ಅರ್ಜಿ ಎದುರಾಗುತ್ತದೆ. ಅದು ಆ ದೇಶದಲ್ಲಿ ವಿದ್ಯಾರ್ಥಿಯಾಗಿ ಇರಲು ಅಲ್ಲಿನ ಸರಕಾರದ ಅನುಮತಿ ಕೋರುವ ಅರ್ಜಿ. ಮೊದಲ ಅರ್ಜಿ ಅಂಕಗಳನ್ನು ಕೇಳಿತ್ತು. ಎರಡನೆಯದು ಮನಸ್ಸನ್ನು ಕೇಳುತ್ತದೆ. ಏಕೆ ಬರುತ್ತೀರಿ? ಖರ್ಚನ್ನು ಭರಿಸುವವರು ಯಾರು? ಓದು ಮುಗಿದ ಮೇಲೆ ಮರಳಿ ಹೋಗುವಿರಾ?

ಈ ಪ್ರಶ್ನೆಗಳ ಮುಂದೆ ಎಷ್ಟು ಸತ್ಯ ಹೇಳಬೇಕು? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಅದೇ ಗಾದೆಯನ್ನು ಈಗ ವೀಸಾಕ್ಕೂ ಅನ್ವಯಿಸುವವರಿದ್ದಾರೆ. ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅರ್ಜಿ ಓದುವ ಅಧಿಕಾರಿ ನಮ್ಮ ಮಗುವನ್ನು ಕಂಡವನಲ್ಲ. ಶ್ರೀಮಂತ ದೇಶಗಳು ಹೊರಗಿನ ವಿದ್ಯಾರ್ಥಿಗಳಿಂದ ತಮ್ಮವರಿಗಿಂತ ಹೆಚ್ಚು ಶುಲ್ಕ ಪಡೆಯುತ್ತವೆ, ಆದರೂ ಅವರನ್ನು ಸಂಶಯದಿಂದಲೇ ನೋಡುತ್ತವೆ. ಇಂಥ ಬಾಗಿಲ ಮುಂದೆ ಒಂದು ಸಣ್ಣ ಸುಳ್ಳು ಅಷ್ಟು ದೊಡ್ಡ ಅಪರಾಧವೇ?

ಮೊದಲು ಕಾನೂನು ಏನು ಕೇಳುತ್ತದೆಂಬುದನ್ನು ಗಮನಿಸೋಣ. ಅಮೆರಿಕದ ಕಾನೂನು ವೀಸಾ ಕೋರುವವನು ನೆಲೆಸಲೆಂದೇ ಬರುತ್ತಿದ್ದಾನೆ ಎಂದು ಭಾವಿಸಿಕೊಂಡು, ಹಾಗಲ್ಲವೆಂದು ಮನಗಾಣಿಸುವ ಹೊಣೆಯನ್ನು ಅವನ ಮೇಲೆಯೇ ಹೊರಿಸುತ್ತದೆ. ಕೆನಡಾದ ಕಾನೂನು ಮುಂದೊಂದು ದಿನ ಅಲ್ಲಿಯೇ ನೆಲೆಸುವ ಬಯಕೆ ಇರುವುದನ್ನು ತಪ್ಪೆನ್ನುವುದಿಲ್ಲ. ಅನುಮತಿಯ ಅವಧಿ ಮುಗಿದಾಗ ಹೊರಡಲು ಸಿದ್ಧನಿರಬೇಕೆಂದಷ್ಟೇ ಹೇಳುತ್ತದೆ. ಆಸ್ಟ್ರೇಲಿಯವು 2024ರ ಮಾರ್ಚ್‌ನಲ್ಲಿ, ತಾತ್ಕಾಲಿಕವಾಗಿ ಬರುವವನೇ ಎಂಬ ಹಳೆಯ ಪರೀಕ್ಷೆಯನ್ನು ಕೈಬಿಟ್ಟು, ನಿಜವಾದ ವಿದ್ಯಾರ್ಥಿಯೇ ಎಂಬ ಪರೀಕ್ಷೆಯನ್ನು ಜಾರಿಗೆ ತಂದಿತು. ಇವು ಯಾವುವೂ ಭವಿಷ್ಯವನ್ನು ನುಡಿಯೆಂದು ವಿದ್ಯಾರ್ಥಿಯನ್ನು ಕೇಳುವುದಿಲ್ಲ. ಇಂದು ಮನಸ್ಸಿನಲ್ಲಿರುವುದನ್ನು ಹೇಳೆಂದು ಕೇಳುತ್ತವೆ. ನಾಳೆ ಮನಸ್ಸು ಬದಲಾದರೆ ಇಂದು ಹೇಳಿದ್ದು ಸುಳ್ಳಾಗುವುದಿಲ್ಲ. ಇಂದೇ ಇಲ್ಲದ ಮನಸ್ಸನ್ನು ಇದೆಯೆಂದು ಬರೆದರೆ ಮಾತ್ರ ಅದು ಸುಳ್ಳು.

ಸಂತ ಅಗುಸ್ತೀನರು ಸುಳ್ಳಿನ ಬಗೆಗೆ ಬರೆಯುತ್ತಾ ಅದರ ಬೇರನ್ನು ಇಲ್ಲಿಯೇ ಗುರುತಿಸಿದರು: ಹೃದಯದಲ್ಲಿ ಒಂದು, ಮಾತಿನಲ್ಲಿ ಇನ್ನೊಂದು. ಮುಂದಿನ ಶತಮಾನಗಳಲ್ಲಿ ಕೆಲವು ಪಂಡಿತರು ಒಂದು ಜಾಣ ಉಪಾಯವನ್ನು ಮುಂದಿಟ್ಟರು. ಬಾಯಲ್ಲಿ ಅರ್ಧ ವಾಕ್ಯವನ್ನು ಹೇಳಿ, ಉಳಿದರ್ಧವನ್ನು ಮನಸ್ಸಿನಲ್ಲಿಯೇ ಸೇರಿಸಿಕೊಂಡರೆ ಸುಳ್ಳಾಡಿದಂತಾಗದು ಎಂಬುದೇ ಆ ಉಪಾಯ. 1679ರಲ್ಲಿ ಹನ್ನೊಂದನೆಯ ಇನ್ನೊಸೆಂಟ್ ಪೋಪರು ಇದನ್ನು ಖಂಡಿಸಿದರು. ಆದರೂ ಆ ಉಪಾಯ ಸತ್ತಿಲ್ಲ. "ನಾನು ಊರಿಗೆ ಮರಳುತ್ತೇನೆ" ಎಂದು ಹಾಳೆಯ ಮೇಲೆ ಬರೆದು, "ಕ್ರಿಸ್ಮಸ್ ರಜೆಗೆ" ಎಂದು ಒಳಗೊಳಗೇ ಸೇರಿಸಿಕೊಳ್ಳುವಾಗ ನಾವು ಅದೇ ಹಳೆಯ ಜಾಣತನವನ್ನು ಮಕ್ಕಳಿಗೆ ಕಲಿಸುತ್ತಿದ್ದೇವೆ.

ಇನ್ನು ಹಣದ ಮಾತು. ಬೋಧನಾ ಶುಲ್ಕವಲ್ಲದೆ ಒಂದು ವರ್ಷದ ಜೀವನವೆಚ್ಚಕ್ಕೆಂದು ಒಬ್ಬ ವಿದ್ಯಾರ್ಥಿ ತೋರಿಸಬೇಕಾದ ಮೊತ್ತವನ್ನು ಕೆನಡಾ 2024ರ ಜನವರಿಯಿಂದ 10,000 ಡಾಲರುಗಳಿಂದ 20,635 ಡಾಲರುಗಳಿಗೆ ಏರಿಸಿತು. ಅನಂತರ ಅದು ಇನ್ನೂ ಹೆಚ್ಚಿದೆ. ಬ್ರಿಟನ್ ಅಗತ್ಯವಾದ ಹಣ ಸತತವಾಗಿ 28 ದಿನ ಖಾತೆಯಲ್ಲಿರಬೇಕೆಂದು ಕೇಳುತ್ತದೆ. ಅಷ್ಟು ದಿನಗಳಿಗೆಂದೇ ಹಣವನ್ನು ಬಡ್ಡಿಗೆ ತಂದು, ಖಾತೆಯಲ್ಲಿಟ್ಟು, ವೀಸಾ ಬಂದ ಮರುದಿನ ಹಿಂತಿರುಗಿಸುವ ವ್ಯವಹಾರ ನಮಗೆ ಅಪರಿಚಿತವಲ್ಲ. ಆದರೆ ಯೋಚಿಸಿರಿ: ಆ ಅಂಕೆ ನಮ್ಮನ್ನು ತಡೆಯಲು ಹಾಕಿದ ಬೇಲಿ ಮಾತ್ರವಲ್ಲ. ಅನ್ನಕ್ಕೆ, ಬಾಡಿಗೆಗೆ, ಚಳಿಗಾಲದ ಬಟ್ಟೆಗೆ ಬೇಕಾದ ಹಣದ ಲೆಕ್ಕವೂ ಹೌದು. ತೋರಿಕೆಯ ಹಣ ಅಧಿಕಾರಿಯ ಕಣ್ಣನ್ನು ತುಂಬೀತು, ಮಗುವಿನ ಹೊಟ್ಟೆಯನ್ನು ತುಂಬದು. ಅಲ್ಲಿಗೆ ಹೋದ ಮೇಲೆ ಅದು ಅನುಮತಿಗಿಂತ ಹೆಚ್ಚು ಗಂಟೆ ಗುಟ್ಟಾಗಿ ದುಡಿಯಬೇಕು, ಮನೆಗೆ ಕರೆ ಮಾಡಿದಾಗ ಎಲ್ಲವೂ ಚೆನ್ನಾಗಿದೆ ಎನ್ನಬೇಕು. ನಾವು ಅಧಿಕಾರಿಗೆ ಹೇಳಿದ ಸುಳ್ಳಿನೊಳಗೆ ವಾಸಿಸುವವರು ನಮ್ಮ ಮಕ್ಕಳು.

2023ರಲ್ಲಿ ಕೆನಡಾದಲ್ಲಿ ನಡೆದದ್ದು ಎಚ್ಚರಿಕೆಯ ಗಂಟೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದ ಭಾರತದ, ಹೆಚ್ಚಾಗಿ ಪಂಜಾಬಿನ, ವಿದ್ಯಾರ್ಥಿಗಳ ಪ್ರವೇಶಪತ್ರಗಳು ನಕಲಿಯೆಂದು ತಿಳಿದುಬಂತು. ಅವರಲ್ಲಿ ಅನೇಕರು ಓದು ಮುಗಿಸಿ ಕೆಲಸಕ್ಕೆ ಸೇರಿ, ಕಾಯಂ ವಾಸಕ್ಕೆ ಅರ್ಜಿ ಹಾಕಿದ್ದರು. ಪತ್ರ ಸೃಷ್ಟಿಸಿದವನು ಏಜೆಂಟ್, ಗಡೀಪಾರಿನ ಭೀತಿ ವಿದ್ಯಾರ್ಥಿಗಳಿಗೆ. ಪ್ರತಿಭಟನೆಗಳ ಬಳಿಕ ಸರಕಾರ ವಂಚಿಸಿದವರನ್ನೂ ವಂಚನೆಗೊಳಗಾದವರನ್ನೂ ಬೇರ್ಪಡಿಸಿ ನೋಡಲು ಒಪ್ಪಿತು. ಆದರೂ, ನಾನು ಓದದೆಯೇ ಸಹಿ ಹಾಕಿದೆ ಎಂಬುದು ಎಷ್ಟು ದುರ್ಬಲವಾದ ಆಸರೆಯೆಂಬುದನ್ನು ಆ ಯುವಜನರು ಕಂಡುಕೊಂಡರು. ಆ ವರ್ಷದ ಡಿಸೆಂಬರಿನಿಂದ ಪ್ರತಿಯೊಂದು ಪ್ರವೇಶಪತ್ರವನ್ನೂ ಕಾಲೇಜಿನಿಂದಲೇ ದೃಢಪಡಿಸಿಕೊಳ್ಳುವ ಕ್ರಮ ಅಲ್ಲಿ ಜಾರಿಗೆ ಬಂತು. ಹೀಗೆ ಒಬ್ಬರ ಸುಳ್ಳು ಬಾಗಿಲಿನಲ್ಲಿ ನಿಂತ ಅಧಿಕಾರಿಗಿಂತ ಹೆಚ್ಚಾಗಿ, ಸಾಲಿನಲ್ಲಿ ಹಿಂದೆ ನಿಂತ ಪ್ರಾಮಾಣಿಕ ಮಗುವಿಗೆ ಹೊರೆಯಾಗುತ್ತದೆ.

ಸತ್ಯಕ್ಕೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಇರುವುದನ್ನು ಇರುವಂತೆ ಬರೆದವರ ಅರ್ಜಿಯೂ ತಿರಸ್ಕೃತವಾಗಬಹುದು. ಒಂದು ವರ್ಷ ಕೈತಪ್ಪಬಹುದು, ಕಟ್ಟಿದ ಶುಲ್ಕದಲ್ಲಿ ನಷ್ಟವಾಗಬಹುದು, ನೆರೆಯವರ ಪ್ರಶ್ನೆಗಳಿಗೆ ತಲೆ ತಗ್ಗಿಸಬೇಕಾಗಬಹುದು. ಆದರೆ ತಿರಸ್ಕಾರದ ನಂತರ ಕೊರತೆಯನ್ನು ಸರಿಪಡಿಸಿಕೊಂಡು ಮತ್ತೆ ಅರ್ಜಿ ಹಾಕುವ ದಾರಿಯಿದೆ, ಬೇರೊಂದು ದೇಶವಿದೆ, ನಮ್ಮಲ್ಲಿಯೇ ಕಾಲೇಜುಗಳಿವೆ. ತಪ್ಪು ಮಾಹಿತಿ ನೀಡಿದವರಿಗೆ ಕೆನಡಾ ಐದು ವರ್ಷ ಬಾಗಿಲು ಮುಚ್ಚುತ್ತದೆ. ಸಿಕ್ಕಿಬೀಳದಿದ್ದರೂ, ಸಿಕ್ಕಿಬೀಳುವ ಭಯವೆಂಬ ಶಿಕ್ಷೆ ಇದ್ದೇ ಇರುತ್ತದೆ.

ಆದ್ದರಿಂದ ಪ್ರಿಯ ತಂದೆತಾಯಂದಿರೇ, ಉದ್ದೇಶಪತ್ರವನ್ನು ಹಣ ಕೊಟ್ಟು ಬರೆಯಿಸಬೇಡಿರಿ. ಒಂದು ಸಂಜೆ ಜಪಸರ ಮುಗಿದ ಮೇಲೆ ಮಗುವಿನೊಡನೆ ಕುಳಿತುಕೊಳ್ಳಿರಿ. ಏಕೆ ಹೋಗುತ್ತೀ, ಖರ್ಚಿಗೆ ನಮ್ಮಲ್ಲಿ ನಿಜವಾಗಿ ಎಷ್ಟಿದೆ, ಮುಂದೇನು ಮಾಡುವ ಮನಸ್ಸಿದೆ ಎಂದು ಅಧಿಕಾರಿಗಿಂತ ಮೊದಲು ನೀವು ಕೇಳಿರಿ. ಸಂಕೋಚಪಟ್ಟರೂ ಅದು ತನ್ನ ಮಾತಿನಲ್ಲಿಯೇ ಬರೆಯಲಿ. ಸಹಿ ಹಾಕುವ ಮುನ್ನ ಪ್ರತಿ ಪುಟವನ್ನೂ ನೀವಿಬ್ಬರೂ ಓದಿರಿ. ಹದಿನೆಂಟು ದಾಟಿದ ಮಗು ಪ್ರಾಯಶಃ ಮೊತ್ತಮೊದಲು ಒಂದು ಸರಕಾರದ ಮುಂದೆ ತನ್ನ ಹೆಸರಿನಲ್ಲಿ, ತನ್ನ ಸಹಿಯಲ್ಲಿ ಕೊಡುವ ಹೇಳಿಕೆ ಅದು. ಅಲ್ಲಿ ಸತ್ಯವನ್ನೇ ಬರೆಯಬಹುದೆಂಬ ಧೈರ್ಯವನ್ನು ಅದಕ್ಕೆ ಮನೆಯಲ್ಲಿಯೇ ಕೊಡುವುದು ನಮ್ಮ ಕರ್ತವ್ಯ.