ಗೋಡೆ ಮೆತ್ತೋರು ಯಾರು?

ಮಾಗಡಿ, ಕನಕಪುರದ ಕಡೆ ಈಗ ಎರಡು ಥರದ ಮನೆ ಏಳ್ತಿವೆ. ಊರಿನವರು ಮಣ್ಣಿನ ಮನೆ ಕೆಡವಿ ಆರ್‌ಸಿಸಿ ಹಾಕಿಸ್ತಿದ್ದಾರೆ. ಬೆಂಗಳೂರಿಂದ ಹೋಗೋ ನಮ್ಮಂಥವರು ತೋಟದ ಮನೆಗೆ ಮಣ್ಣಿನ ಗೋಡೆನೇ ಬೇಕು ಅಂತೀವಿ, ಅದೂ ಮಹಡಿ ಸಮೇತ.

ಮಣ್ಣಲ್ಲಿ ಮಹಡಿ ನಿಲ್ಲುತ್ತಾ? ನಿಲ್ಲುತ್ತೆ. ಯೆಮನ್ ದೇಶದ ಶಿಬಾಮ್‌ನಲ್ಲಿ ಹಸಿ ಇಟ್ಟಿಗೆಯಲ್ಲಿ ಕಟ್ಟಿದ ಏಳು ಅಂತಸ್ತಿನ ಮನೆಗಳೂ ಇವೆ. ಆದರೆ ಅವು ಉಳಿದಿರೋದು ಮತ್ತೆ ಮತ್ತೆ ಮಣ್ಣು ಮೆತ್ತೋ ಕೈಗಳಿಂದ.

ನಮ್ಮೂರಲ್ಲಿ ಆ ಕೈ ಹೆಂಗಸರದ್ದು. ಹಬ್ಬ ಬಂತು ಅಂದ್ರೆ ಅವ್ವ ಮಣ್ಣು ಕಲಸಿ ಗೋಡೆ ಮೆತ್ತಬೇಕು, ಸಗಣಿ ಹಾಕಿ ನೆಲ ಸಾರಿಸಬೇಕು. ಇಷ್ಟಾದರೂ ಸರ್ಕಾರಿ ಲೆಕ್ಕದಲ್ಲಿ ಅದು ‘ಕಚ್ಚಾ ಮನೆ’. ಅವಳು ಸಿಮೆಂಟ್ ಕೇಳಿದರೆ ಅದು ಪರಿಸರದ ಬಗ್ಗೆ ಅಸಡ್ಡೆಯಲ್ಲ, ಬಿಡುವಿನ ಆಸೆ.

1974ರಲ್ಲಿ ಐಐಎಸ್ಸಿಯಲ್ಲಿ ಶುರುವಾದ ‘ಅಸ್ತ್ರ’ದವರು ಇದಕ್ಕೊಂದು ನಡುದಾರಿ ತೋರಿಸಿದರು: ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿದ ಬ್ಲಾಕು. ಸುಡೋ ಹಾಗಿಲ್ಲ, ವರ್ಷಾ ವರ್ಷಾ ಮೆತ್ತೋ ಹಾಗಿಲ್ಲ. ಎರಡಂತಸ್ತು ಆರಾಮಾಗಿ ಹೊರುತ್ತೆ.

‘ಸಿಮೆಂಟ್ ಸೋಕಲೇಬಾರದು, ಶುದ್ಧ ಮಣ್ಣೇ ಇರಬೇಕು’ ಅನ್ನೋ ಗೆಳೆಯರಿದ್ದಾರೆ. ಆ ಹಟ ತಪ್ಪಲ್ಲ. ಆದರೆ ಆ ಶುದ್ಧತೆಗೆ ಯಾರ ಬೆನ್ನು ಬಾಗುತ್ತೆ ಅಂತ ಮೊದಲು ಕೇಳ್ಕೋಬೇಕು. ಬೇರೆಯವರ ಬೆನ್ನಾದರೆ, ಆ ಹಿಡಿ ಸಿಮೆಂಟೇ ಹೆಚ್ಚು ನ್ಯಾಯ.